ಕೌಂಟರ್ ನೋಟಿಸ್ ಹಾಕಲಾ, ಸುಮ್ನೆ ಇರಲಾ?

ಆನ್‌ಲೈನ್‌ನಲ್ಲಿ ಚಿತ್ರ ಮಾರುವ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಕಾಪಿರೈಟ್ ದೂರು ಬಂದಿದೆ ಅಂತ ನನ್ನ ಚಿತ್ರವನ್ನು ತೆಗೆದುಬಿಟ್ಟಿದ್ದಾರೆ. ಕೌಂಟರ್ ನೋಟಿಸ್ ಹಾಕಲಾ, ಸುಮ್ನೆ ಇದ್ದುಬಿಡಲಾ?"

ಕೌಂಟರ್ ನೋಟಿಸ್ ಅಂದರೆ, ಚಿತ್ರವನ್ನು ತಪ್ಪಾಗಿ ತೆಗೆದಿದ್ದೀರಿ, ವಾಪಸ್ ಹಾಕಿ ಅಂತ ಮಾರಾಟ ತಾಣಕ್ಕೆ ಕೊಡುವ ಉತ್ತರ. ಪ್ರತಿ ಸಲವೂ ನಾನು ಹೇಳುವುದು ಒಂದೇ. ಆ ಚಿತ್ರ ಎಲ್ಲಿಂದ ಹುಟ್ಟಿತು ಅನ್ನುವುದನ್ನು ಮೊದಲು ನಿಮಗೆ ನೀವೇ ನಿಜವಾಗಿ ಹೇಳಿಕೊಳ್ಳಿ. ಪೂರ್ತಿ ನಿಮ್ಮದೇ ಆಗಿದ್ದರೆ ಹೆದರಿ ಕೈಬಿಡಬೇಡಿ. ಬೇರೆಯವರ ಕೆಲಸ ಅದರೊಳಗೆ ಸೇರಿದ್ದರೆ ಸಿಟ್ಟಿನಲ್ಲಿ ಕೌಂಟರ್ ನೋಟಿಸ್ ಹಾಕಬೇಡಿ. ಇದು ಗೊತ್ತಾಗುವ ತನಕ ಯಾರಿಗೂ ಏನೂ ಬರೆಯದಿರುವುದೇ ಒಳ್ಳೆಯದು.

ತುಂಬ ಜನರಿಗೆ ಹೆಚ್ಚು ನೋವಾಗುವುದು "ನನ್ನ ಮಾತು ಕೇಳದೇ ತೆಗೆದುಬಿಟ್ಟರು" ಅನ್ನುವ ವಿಷಯಕ್ಕೆ. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೊಂದು ಕಾರಣ ಇದೆ. ದೊಡ್ಡ ಮಾರಾಟ ತಾಣಗಳಲ್ಲಿ ಹೆಚ್ಚಿನವು ಡಿಎಂಸಿಎ ಎಂಬ ಅಮೆರಿಕದ ಕಾನೂನಿನ ಪ್ರಕಾರ ನಡೆಯುತ್ತವೆ. ಅದು 1998ರಲ್ಲಿ ಬಂದದ್ದು. ಸರಿಯಾದ ದೂರು ಬಂದ ಕೂಡಲೇ ಚಿತ್ರವನ್ನು ತೆಗೆದರೆ, ಮಾರಾಟಗಾರ ಮಾಡಿದ ತಪ್ಪಿಗೆ ತಾಣ ದುಡ್ಡು ಕಟ್ಟಬೇಕಾಗಿಲ್ಲ ಅನ್ನುತ್ತದೆ ಅದರ 512ನೇ ಸೆಕ್ಷನ್. ಹಾಗಾಗಿ ತಾಣ ಮೊದಲು ತೆಗೆಯುತ್ತದೆ. ಯಾರದ್ದು ಸರಿ ಅಂತ ಅದು ತೀರ್ಪು ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಿಮ್ಮನ್ನು ಕಳ್ಳ ಅಂತ ಯಾರೂ ತೀರ್ಮಾನಿಸಿಲ್ಲ.

ಬಂದ ಮೇಲ್ ಅನ್ನು ನಿಧಾನವಾಗಿ ಓದಿ. ದೂರು ಕಾಪಿರೈಟ್‌ದಾ, ಟ್ರೇಡ್‌ಮಾರ್ಕ್‌ದಾ ನೋಡಿ. ಒಂದು ಹೆಸರೋ ಲೋಗೋವೋ ಬಳಸಿದ್ದಕ್ಕೆ ಬಂದ ಟ್ರೇಡ್‌ಮಾರ್ಕ್ ದೂರಾದರೆ ಡಿಎಂಸಿಎ ಕೌಂಟರ್ ನೋಟಿಸ್ ಅದಕ್ಕೆ ನಡೆಯುವುದೇ ಇಲ್ಲ, ಆ ದಾರಿಯೇ ಬೇರೆ. ದೂರು ಕೊಟ್ಟವರು ಯಾರು, ತಮ್ಮ ಯಾವ ಕೃತಿ ಅಂದಿದ್ದಾರೆ, ನಿಮ್ಮ ಯಾವ ಲಿಸ್ಟಿಂಗ್ ಬಗ್ಗೆ ಹೇಳಿದ್ದಾರೆ, ಎಲ್ಲವನ್ನೂ ಉಳಿಸಿಟ್ಟುಕೊಳ್ಳಿ. ಮತ್ತೆ ದಯವಿಟ್ಟು ಅದೇ ಚಿತ್ರವನ್ನು ಬೇರೆ ಹೆಸರಿನಲ್ಲಿ ಹಾಕಬೇಡಿ. ಪದೇ ಪದೇ ಹೀಗೆ ಮಾಡುವವರ ಖಾತೆ ಮುಚ್ಚುವ ನಿಯಮ ಇಟ್ಟುಕೊಳ್ಳಬೇಕು ಅಂತ ಅದೇ ಕಾನೂನು ತಾಣಗಳಿಗೆ ಹೇಳುತ್ತದೆ. ಒಂದು ಚಿತ್ರದ ಹಟಕ್ಕೆ ಇಡೀ ಅಂಗಡಿ ಹೋಗಬಹುದು.

ಈಗ ಕಷ್ಟದ ಭಾಗಕ್ಕೆ ಬರೋಣ. ಈ ಚಿತ್ರ ಬರೆಯುವಾಗ ನಿಮ್ಮ ಮುಂದೆ ಏನಿತ್ತು? ನೀವೇ ತೆಗೆದ ಫೋಟೋನಾ, ಹುಡುಕಿ ತೆಗೆದ ಬೇರೆಯವರ ಫೋಟೋನಾ? ಹುಡುಕಿದಾಗ ಸಿಕ್ಕಿತು ಅಂದ ಮಾತ್ರಕ್ಕೆ ಅದು ಎಲ್ಲರದ್ದೂ ಆಗುವುದಿಲ್ಲ. "ಶೇಕಡಾ 30ರಷ್ಟು ಬದಲಾಯಿಸಿದರೆ ಸಾಕು" ಅನ್ನುವ ಮಾತು ಕಲಾವಿದರ ನಡುವೆ ಎಷ್ಟು ಓಡಾಡುತ್ತದೆ ಅಂದರೆ, ಅದನ್ನು ಕಾನೂನು ಅಂತಲೇ ನಂಬಿದವರಿದ್ದಾರೆ. ಅಂಥ ಲೆಕ್ಕ ಕಾನೂನಿನಲ್ಲಿ ಎಲ್ಲೂ ಇಲ್ಲ. ಆಂಡಿ ವಾರ್ಹೋಲ್ ಅಂಥ ದೊಡ್ಡ ಕಲಾವಿದನ ಕೃತಿಗೇ ಇದು ಎದುರಾಯಿತು. ಲಿನ್ ಗೋಲ್ಡ್‌ಸ್ಮಿತ್ ಅವರು ತೆಗೆದ ಗಾಯಕ ಪ್ರಿನ್ಸ್‌ನ ಫೋಟೋ ಇಟ್ಟುಕೊಂಡು ಅವನು ಚಿತ್ರಗಳನ್ನು ಮಾಡಿದ್ದ. ಅವನು ತೀರಿಕೊಂಡ ಮೇಲೆ ಅವನ ಹೆಸರಿನ ಪ್ರತಿಷ್ಠಾನ ಅದರಲ್ಲೊಂದನ್ನು ಪತ್ರಿಕೆಯ ಮುಖಪುಟಕ್ಕೆ ಕೊಟ್ಟು ಹಣ ಪಡೆದದ್ದು ಆ ಫೋಟೋ ಮಾಡುವ ಕೆಲಸವನ್ನೇ ಮಾಡಿದಂತೆ ಅಂತ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗೋಲ್ಡ್‌ಸ್ಮಿತ್ ಪರ ಹೇಳಿತು. ಬಣ್ಣ, ಶೈಲಿ ಬದಲಾಗಿದೆ ಅನ್ನುವುದಷ್ಟೇ ಸಾಕಾಗಲಿಲ್ಲ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಅಮೆರಿಕದ ಕಲಾವಿದ ಶೆಪರ್ಡ್ ಫೇರಿಯ ಪ್ರಕರಣ. 2008ರ ಚುನಾವಣೆಯಲ್ಲಿ ಒಬಾಮಾರ ಮುಖವನ್ನು ಕೆಂಪು, ನೀಲಿಯಲ್ಲಿ ಬಿಡಿಸಿದ ಪೋಸ್ಟರ್ ನೀವು ನೋಡೇ ಇರುತ್ತೀರಿ. ಅದು ತಮ್ಮ ಫೋಟೋದಿಂದ ಬಂದದ್ದು ಅಂತ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಹೇಳಿತು. ಫೇರಿ 2009ರಲ್ಲಿ ತಾನೇ ಕೋರ್ಟಿಗೆ ಹೋಗಿ, ಇದು ಫೇರ್ ಯೂಸ್, ಅಂದರೆ ಕಾನೂನು ಒಪ್ಪುವ ಬಳಕೆ ಅಂತ ವಾದಿಸಿದ. ಆ ವಾದದಲ್ಲಿ ಹುರುಳಿತ್ತು ಅಂತಲೇ ನನ್ನ ಅನಿಸಿಕೆ. ಆದರೆ ಯಾವ ಫೋಟೋ ಬಳಸಿದೆ ಅನ್ನುವುದರಲ್ಲಿ ಅವನು ಸುಳ್ಳು ಹೇಳಿದ. ಆ ಸುಳ್ಳನ್ನು ಮುಚ್ಚಲು ಫೈಲ್‌ಗಳನ್ನು ಅಳಿಸಿದ, ಹೊಸದಾಗಿ ಸೃಷ್ಟಿಸಿದ. ಕಾಪಿರೈಟ್ ಜಗಳ 2011ರಲ್ಲಿ ರಾಜಿಯಲ್ಲಿ ಮುಗಿಯಿತು. ಸುಳ್ಳಿನ ಕೇಸು ಮಾತ್ರ ಉಳಿಯಿತು. 2012ರಲ್ಲಿ ಅವನಿಗೆ 2 ವರ್ಷದ ಪ್ರೊಬೇಷನ್ (ಜೈಲಿನ ಬದಲು ನಿಗಾದಲ್ಲಿರುವುದು), 300 ಗಂಟೆ ಸಮುದಾಯ ಸೇವೆ, 25,000 ಡಾಲರ್ ದಂಡ ಬಿತ್ತು. ಮೂಲ ಫೋಟೋ ಯಾವುದು ಅಂತ ಕೇಳಿದಾಗ ತಡವರಿಸುವವರಿಗೆಲ್ಲ ನಾನು ಈ ಕಥೆ ಹೇಳುತ್ತೇನೆ.

ಫ್ಯಾನ್ ಆರ್ಟ್, ಅಂದರೆ ಸಿನಿಮಾ, ಕಾಮಿಕ್ಸ್‌ಗಳ ಪಾತ್ರಗಳನ್ನು ಅಭಿಮಾನಿಗಳು ಬರೆಯುವ ಚಿತ್ರಗಳ ವಿಷಯಕ್ಕೆ ಬಂದರೆ ಹೇಳಲು ಬೇಜಾರು. ಪ್ರೀತಿಯಿಂದ ಬರೆದದ್ದು ನಿಜ, ಕೈಕೆಲಸ ನಿಮ್ಮದೇ ನಿಜ. ಆದರೂ ಆ ಪಾತ್ರ ಬೇರೆಯವರದ್ದು. "ಉಳಿದವರೆಲ್ಲ ಮಾರುತ್ತಿದ್ದಾರಲ್ಲ, ಅವರದ್ದೇಕೆ ತೆಗೆದಿಲ್ಲ?" ಅಂತ ಕೇಳುತ್ತಾರೆ. ಮಾಲೀಕರು ಇನ್ನೂ ದೂರು ಕೊಟ್ಟಿಲ್ಲ ಅಷ್ಟೇ. ಅದು ಅನುಮತಿ ಅಲ್ಲ, ಅಲ್ವಾ?

ಇನ್ನು ನ್ಯಾಯ ನಿಮ್ಮ ಕಡೆ ಇರುವ ಸಂದರ್ಭಗಳು. ಶೈಲಿಗೆ ಕಾಪಿರೈಟ್ ಇಲ್ಲ. ವಿಷಯಕ್ಕೂ ಇಲ್ಲ. ಕಮಲದ ಮೇಲೆ ಕೂತ ಮಿಂಚುಳ್ಳಿಯನ್ನು ಯಾರು ಬೇಕಾದರೂ ಬರೆಯಬಹುದು. "ನನ್ನ ಹಾಗೆಯೇ ಬರೆಯುತ್ತಾರೆ" ಅನ್ನುವುದಷ್ಟೇ ದೂರಾದರೆ ಅದು ನಿಲ್ಲುವುದಿಲ್ಲ. ಆದರೆ ಅದೇ ಭಂಗಿ, ಅದೇ ಎಲೆಗಳ ಜೋಡಣೆ, ಅದೇ ನೆರಳು ಇದ್ದರೆ ಮಾತು ಬೇರೆ. ಕಾಪಿರೈಟ್ ಮುಗಿದ ಹಳೆಯ ವರ್ಣಚಿತ್ರಗಳನ್ನು ಬಳಸಿದಾಗಲೂ ನ್ಯಾಯ ನಿಮ್ಮ ಕಡೆಯೇ. ಅಂಥ ಚಿತ್ರವನ್ನು ಇದ್ದ ಹಾಗೆಯೇ ತೆಗೆದ ಫೋಟೋಗೆ ಹೊಸ ಕಾಪಿರೈಟ್ ಹುಟ್ಟುವುದಿಲ್ಲ ಅಂತ 1999ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟ್ ಹೇಳಿತ್ತು. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನವೂ ಅದನ್ನೇ ಹೇಳುತ್ತದೆ.

ನಿಮ್ಮದೇ ಅಂತ ಖಾತ್ರಿಯಾದ ಮೇಲೂ ಮೊದಲು ದೂರು ಕೊಟ್ಟವರಿಗೊಂದು ಸಣ್ಣ ಮೇಲ್ ಬರೆಯಿರಿ. ಎಷ್ಟೋ ದೂರುಗಳನ್ನು ಸಾಫ್ಟ್‌ವೇರ್ ಹುಡುಕಿ ಕಳಿಸಿರುತ್ತದೆ, ಮನುಷ್ಯರು ಸರಿಯಾಗಿ ನೋಡಿರುವುದಿಲ್ಲ. ನಿಮ್ಮ ಸ್ಕೆಚ್, ಲೇಯರ್ ಇರುವ ಫೈಲ್, ತಾರೀಖು ತೋರಿಸಿ, ದೂರು ಹಿಂದೆಗೆದುಕೊಳ್ಳಿ ಅಂತ ಕೇಳಿ. ಬೈಯಬೇಡಿ. ಅವರು ಹಿಂದೆಗೆದುಕೊಂಡರೆ ಎಲ್ಲಕ್ಕಿಂತ ಬೇಗ ಮುಗಿಯುವ ದಾರಿ ಅದೇ.

ಒಪ್ಪದಿದ್ದರೆ ಕೌಂಟರ್ ನೋಟಿಸ್. ಅದನ್ನು ಕಸ್ಟಮರ್ ಸಪೋರ್ಟ್‌ಗೆ ಬರೆಯುವ ಮನವಿ ಅಂತ ತಿಳಿಯಬೇಡಿ. ಅದು ಕಾನೂನಿನ ಕಾಗದ. ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್, ಸಹಿ ಕೊಡಬೇಕು. ಅದರ ಪ್ರತಿ ದೂರು ಕೊಟ್ಟವರಿಗೆ ಹೋಗುತ್ತದೆ. ಮನೆ ವಿಳಾಸ ಅಪರಿಚಿತರ ಕೈ ಸೇರುವುದು ಬೇಡ ಅನ್ನುವವರು ಇದನ್ನು ಮೊದಲೇ ಯೋಚಿಸಬೇಕು. ತಪ್ಪಿನಿಂದಲೋ ಗುರುತಿಸುವಲ್ಲಿ ಎಡವಿದ್ದರಿಂದಲೋ ಚಿತ್ರ ತೆಗೆಯಲಾಗಿದೆ ಅಂತ ನಿಜವಾಗಿ ನಂಬಿದ್ದೇನೆ ಎಂದು ಪ್ರಮಾಣ ಮಾಡಬೇಕು. ಸುಳ್ಳಾದರೆ ಅದು ಸುಳ್ಳು ಸಾಕ್ಷಿಯ ಅಪರಾಧ. ಅಮೆರಿಕದ ಹೊರಗಿದ್ದರೂ ಅಲ್ಲಿನ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಒಪ್ಪಿಗೆ ಕೊಡಬೇಕು. ದೂರು ಕೊಟ್ಟವರು ಪ್ರಮಾಣ ಮಾಡುವುದು ಹಕ್ಕುದಾರರ ಪರ ಮಾತಾಡುವ ಅಧಿಕಾರ ತಮಗಿದೆ ಅನ್ನುವುದಕ್ಕೆ ಮಾತ್ರ. ಇದು ಸರಿಸಮ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಬೇಕೆಂದೇ ಸುಳ್ಳು ದೂರು ಕೊಟ್ಟವರ ಮೇಲೆ ನಷ್ಟ ಕೇಳಲು ಅದೇ 512ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ, ಆದರೆ ಬೇಕೆಂದೇ ಮಾಡಿದ್ದು ಅಂತ ತೋರಿಸುವುದು ಕಷ್ಟ.

ನೋಟಿಸ್ ತಲುಪಿದ ಮೇಲೆ ಅವರು ಕೋರ್ಟಿಗೆ ಹೋಗದಿದ್ದರೆ, ತಾಣ 10ರಿಂದ 14 ಕೆಲಸದ ದಿನಗಳಲ್ಲಿ ಚಿತ್ರವನ್ನು ವಾಪಸ್ ಹಾಕಬೇಕು. ಹೋದರೆ ಅದು ದೊಡ್ಡ ಖರ್ಚು. ಅಲ್ಲಿ ಒಂದು ಕೃತಿಗೆ 750ರಿಂದ 30,000 ಡಾಲರ್ ತನಕ, ಗೊತ್ತಿದ್ದೂ ಮಾಡಿದ್ದಾದರೆ 1,50,000 ಡಾಲರ್ ತನಕ ಪರಿಹಾರ ಕೊಡಿಸಬಹುದು. ಎದುರಿಗಿರುವುದು ದೊಡ್ಡ ಕಂಪನಿ ಆಗಿದ್ದರೆ, ಅಥವಾ ನಿಮ್ಮ ವಾದ ಪೂರ್ತಿ ಫೇರ್ ಯೂಸ್ ಮೇಲೆ ನಿಂತಿದ್ದರೆ, ಕಳಿಸುವ ಮೊದಲು ವಕೀಲರಿಗೆ ಒಮ್ಮೆ ತೋರಿಸಿ. ಬರೆಯುವಾಗ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಎಷ್ಟು ಕಷ್ಟಪಟ್ಟು ಬರೆದೆ, ಎಷ್ಟು ನಷ್ಟವಾಯಿತು ಅನ್ನುವುದೆಲ್ಲ ಅಲ್ಲಿ ಬೇಡ.

ಚಿತ್ರದಲ್ಲಿ ಬೇರೆಯವರ ಪಾಲು ಇದೆ ಅಂತ ಗೊತ್ತಾದರೆ ದಾರಿ ಸರಳ. ಅದೇ ಚಿತ್ರ ಇರುವ ಕಪ್, ಟೀ ಶರ್ಟ್, ಪ್ರಿಂಟ್ ಎಲ್ಲವನ್ನೂ ಎಲ್ಲ ತಾಣಗಳಿಂದ ನೀವೇ ತೆಗೆಯಿರಿ. ಯಾವುದು ಎಷ್ಟು ಮಾರಾಟವಾಯಿತು ಅನ್ನುವ ಲೆಕ್ಕ ಇಟ್ಟುಕೊಳ್ಳಿ, ಮುಂದೆ ಅವರು ಕೇಳಬಹುದು. ಆ ಚಿತ್ರ ನಿಮಗೆ ಅಷ್ಟು ಮುಖ್ಯವಾಗಿದ್ದರೆ ಲೈಸೆನ್ಸ್ ಕೊಡುತ್ತೀರಾ ಅಂತ ಮೂಲ ಕಲಾವಿದರನ್ನೇ ಕೇಳಿ. ಸಣ್ಣ ಮೊತ್ತಕ್ಕೆ ಒಪ್ಪುವ ಫೋಟೋಗ್ರಾಫರ್‌ಗಳೂ ಇದ್ದಾರೆ.