ಅಳಿವೆಯ ಒಳಗೊಂದು ಬಾಡಿಗೆ ಮನೆ

ಹಾಯಿದೋಣಿ ನಡೆಸುವುದನ್ನು ನಾನು ಕಲಿತದ್ದು 46ನೆಯ ವಯಸ್ಸಿನಲ್ಲಿ, ಗೋವೆಯಲ್ಲಿ ನಡೆದ ಒಂದು ವಾರದ ತರಬೇತಿಯಲ್ಲಿ. ಅಲ್ಲಿಂದ ಬೆಂಗಳೂರಿಗೆ ಮರಳಿದ ಮೇಲೆ, ಹಲಸೂರು ಕೆರೆಯಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪಿನ ಸೈನಿಕರು ಹಾಯಿ ಬಿಚ್ಚುವುದನ್ನು ಬೇಲಿಯ ಹೊರಗೆ ನಿಂತು ನೋಡುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು. ಮರುವರ್ಷ ಮಗಳು ಓದಲು ಹಾಸ್ಟೆಲಿಗೆ ಹೋದಳು. ಕಚೇರಿಯವರು ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದೆಂದರು. ನೀರಿನ ಬಳಿ ಹೋಗಿ ನೆಲೆಸೋಣವೆಂಬ ಮಾತು ಮನೆಯಲ್ಲಿ ಎದ್ದಾಗ ಹೆಂಡತಿ ಎರಡು ಷರತ್ತುಗಳನ್ನಷ್ಟೇ ಹಾಕಿದಳು: 76 ವರ್ಷದ ನನ್ನ ಅಮ್ಮನನ್ನು ಒಂದು ಗಂಟೆಯೊಳಗೆ ಒಳ್ಳೆಯ ಆಸ್ಪತ್ರೆಗೆ ತಲುಪಿಸುವಂತಿರಬೇಕು, ಬಾವಿಯ ನೀರು ವರ್ಷವಿಡೀ ಕುಡಿಯುವಂತಿರಬೇಕು. ಗಾಳಿ, ಅಲೆ, ಆಳಗಳ ವಿಚಾರವನ್ನು ನನ್ನ ಪಾಲಿಗೆ ಬಿಟ್ಟಳು. ನನ್ನ ಪಾಲಿನ ಕೆಲಸವನ್ನೇ ನಾನು ಕೆಡಿಸಿಕೊಂಡೆ.

ಕೆಡಿಸಿಕೊಂಡದ್ದು ಹೇಗೆಂದರೆ, ಮೊದಲ ಸುತ್ತಿನ ಊರುಗಳನ್ನೆಲ್ಲ ನೋಡಿದ್ದು ಡಿಸೆಂಬರ್ ಮತ್ತು ಜನವರಿಯಲ್ಲಿ. ಆ ಎರಡು ತಿಂಗಳಲ್ಲಿ ಪಶ್ಚಿಮ ಕರಾವಳಿಯ ಯಾವ ಊರೂ ಬೇಡವೆನಿಸುವುದಿಲ್ಲ. ಬೆಳಗಿನ ಜಾವ ಘಟ್ಟದ ಕಡೆಯಿಂದ ಮೂಡುಗಾಳಿ ಮೆಲ್ಲಗೆ ಬೀಸುತ್ತದೆ, ಒಂಬತ್ತು ಹತ್ತರ ಹೊತ್ತಿಗೆ ನಿಂತುಹೋಗುತ್ತದೆ, ಮಧ್ಯಾಹ್ನ ದಾಟುತ್ತಿದ್ದಂತೆ ವಾಯವ್ಯದಿಂದ 10ರಿಂದ 15 ನಾಟ್ (ಗಂಟೆಗೆ ಸುಮಾರು 18ರಿಂದ 28 ಕಿ.ಮೀ.) ವೇಗದ ಕಡಲಗಾಳಿ ಏಳುತ್ತದೆ, ಸಂಜೆಗೆ ಅದೂ ಅಡಗುತ್ತದೆ. ಯಂತ್ರಗಳು ಬರುವ ಮುಂಚೆ ಮೀನುಗಾರರು ಮೂಡುಗಾಳಿಯಲ್ಲಿ ಹೊರಟು ಪಡುಗಾಳಿಯಲ್ಲಿ ಮರಳುತ್ತಿದ್ದುದು ಈ ಲೆಕ್ಕದಿಂದಲೇ. ನಡುವಯಸ್ಸಿನ, ಮಂಡಿ ಕಿರುಗುಟ್ಟುವ, ಇನ್ನೂ ಗಂಟುಗಳನ್ನು ಪುಸ್ತಕ ನೋಡಿಕೊಂಡೇ ಹಾಕುವ ನನ್ನಂಥವನಿಗೆ ಇದಕ್ಕಿಂತ ದಯೆಯುಳ್ಳ ಗಾಳಿ ಬೇರೊಂದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ದೋಣಿ ಎಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಆ ಡಿಸೆಂಬರಿನಲ್ಲಿ ನಾನು ಯಾರನ್ನೂ ಕೇಳಲಿಲ್ಲ.

ಮುಂಬಯಿಯನ್ನು ನೋಡಿದ್ದು ಕುತೂಹಲಕ್ಕೆ. 1846ರಲ್ಲಿ ಹುಟ್ಟಿದ ರಾಯಲ್ ಬಾಂಬೆ ಯಾಟ್ ಕ್ಲಬ್ ಇರುವ ಊರು ಅದು. ನಗರದ ಪೂರ್ವಕ್ಕಿರುವ ಬಂದರಿನ ನೀರಿಗೆ ತೆರೆದ ಕಡಲಿನ ಅಲೆಗಳಿಂದ ಒಳ್ಳೆಯ ಮರೆಯೂ ಇದೆ. ನನ್ನನ್ನು ಅಂಜಿಸಿದ್ದು ಅಲ್ಲಿನ ಉಬ್ಬರವಿಳಿತ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಮುಂಬಯಿಯ ನೀರು ನಾಲ್ಕು ಮೀಟರಿಗೂ ಮೀರಿ ಏರಿಳಿಯುತ್ತದೆ. ದಕ್ಷಿಣಕ್ಕೆ ಬರುತ್ತ ಬರುತ್ತ ಆ ಅಂತರ ಕುಗ್ಗಿ, ಮಂಗಳೂರಿನಲ್ಲಿ ಒಂದೂವರೆ ಮೀಟರಿನಷ್ಟಾಗಿ, ಕೊಚ್ಚಿಯಲ್ಲಿ ಒಂದು ಮೀಟರಿನ ಹತ್ತಿರಕ್ಕೆ ಇಳಿಯುತ್ತದೆ. ಹೊಸಬನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಬಾಡಿಗೆಯ ಮಾತನ್ನು ಎತ್ತುವುದೇ ಬೇಡ.

ಗೋವೆಗೆ ಮನಸ್ಸು ಸೋತಿತ್ತು. ನೌಕಾಪಡೆಯ ಅಧಿಕಾರಿ ದಿಲೀಪ್ ದೊಂದೆ 2009ರ ಆಗಸ್ಟಿನಲ್ಲಿ ಹೊರಟು 2010ರ ಮೇ ತಿಂಗಳಲ್ಲಿ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮುಗಿಸಿದ ‘ಮ್ಹಾದೇಯಿ’ ಹಡಗು ಕಟ್ಟಲ್ಪಟ್ಟದ್ದು ಮಾಂಡೋವಿ ನದಿಯ ದಿವಾಡಿ ದ್ವೀಪದಲ್ಲಿ. 2017ರಲ್ಲಿ ನೌಕಾಪಡೆಯ ಆರು ಮಹಿಳೆಯರು ‘ತಾರಿಣಿ’ಯಲ್ಲಿ ಹೊರಟದ್ದೂ ಅದೇ ಗೋವೆಯಿಂದ. ಹಾಯಿ ಹೊಲಿಯಬಲ್ಲವರು, ಫೈಬರ್ ತೇಪೆ ಹಾಕಬಲ್ಲವರು, ಬಿದ್ದರೆ ನಗದೆ ಎತ್ತಬಲ್ಲವರು ಅಲ್ಲಿ ಸಿಗುತ್ತಾರೆ. ಆದರೂ ಮಾಂಡೋವಿಯ ಬಾಯಿಯಲ್ಲಿರುವ ಅಗ್ವಾದದ ಮರಳುದಿಣ್ಣೆ ಮಳೆಗಾಲದಲ್ಲಿ ದೋಣಿಗಳಿಗೆ ಶತಮಾನಗಳಿಂದ ಬಾಗಿಲು ಮುಚ್ಚುತ್ತ ಬಂದಿದೆ. ಪ್ರವಾಸಿಗರ ಊರಿನಲ್ಲಿ ವರ್ಷವಿಡೀ ಮನೆ ಮಾಡಿಕೊಂಡಿರುವುದು ಏನೆಂಬುದನ್ನು ಹದಿನೈದು ದಿನ ಇದ್ದು ನೋಡಿಯೇ ಹಿಂದಿರುಗಿದೆವು.

ದೋಣಿಯನ್ನಷ್ಟೇ ಕೇಳಿದ್ದರೆ ಅದು ಕೊಚ್ಚಿಯನ್ನು ಆರಿಸುತ್ತಿತ್ತು. ಬೋಲ್ಗಾಟ್ಟಿಯಲ್ಲಿ 2010ರಲ್ಲಿ ತೆರೆದ ಮರೀನಾ ಇದೆ. ದೂರದೇಶಗಳಿಂದ ಹಾಯಿಯಲ್ಲೇ ಬಂದವರು ಅಲ್ಲಿ ತಂಗುತ್ತಾರೆ. ಹೊರಗೆ ಮುಂಗಾರು ಕೆರಳಿದಾಗಲೂ ವೇಂಬನಾಡಿನ ಹಿನ್ನೀರಿನಲ್ಲಿ ಬಿಡುವು ನೋಡಿಕೊಂಡು ಹಾಯಿ ಬಿಚ್ಚಬಹುದು. ಮೂರು ದಿನ ನೀರಿನ ಮೇಲೆ ಸುಖವಾಗಿದ್ದು ದಡಕ್ಕೆ ಬಂದಾಗ ಅಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದರು. ಪಕ್ಕದ ಮನೆಯಾಕೆ ಹಲಸಿನ ಹಣ್ಣು ಕೊಟ್ಟು ಏನೋ ಕೇಳಿದರಂತೆ, ಇವರು ನಕ್ಕರಂತೆ, ಮಾತು ಅಲ್ಲಿಗೆ ನಿಂತಿತಂತೆ. ಆ ವಯಸ್ಸಿನಲ್ಲಿ ಹೊಸ ಭಾಷೆಯನ್ನು ಕಲಿಯಿರಿ ಎಂದು ಹೇಳುವ ಹಕ್ಕು, ನಲವತ್ತಾರಕ್ಕೆ ಹಾಯಿ ಕಲಿತೆನೆಂದು ಬೀಗುವ ಮಗನಿಗೂ ಇಲ್ಲ. ಚೆನ್ನೈಯ ಲೆಕ್ಕಾಚಾರವೇ ಬೇರೆ: ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮತ್ತು ಚಂಡಮಾರುತಗಳ ಕಾಲ; ಅದನ್ನು ನಾವು ನೋಡಲು ಹೋಗಲೇ ಇಲ್ಲ.

ಹೀಗೆ ನಮ್ಮದೇ ಕರಾವಳಿಗೆ ಬಂದೆವು. ಕಾರವಾರವು ಕಣ್ಣಿಗೆ ಎಲ್ಲಕ್ಕಿಂತ ಮೇಲು. ಕಾಳಿ ನದಿಯ ಬಾಯಿ, ಎದುರಿಗೆ ಕೂರ್ಮಗಡ ದ್ವೀಪ, ದೇವಗಡ ದ್ವೀಪದ ದೀಪಸ್ತಂಭ. ತರುಣ ರವೀಂದ್ರನಾಥ ಠಾಕೂರರು ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಮರುಳಾದದ್ದು ಸುಮ್ಮನೆ ಅಲ್ಲ. ಆದರೆ ಅದು ಕದಂಬ ನೌಕಾನೆಲೆಯ ಊರು. ಅದರ ದಕ್ಷಿಣದ ನೀರಿನಲ್ಲಿ ಖಾಸಗಿ ದೋಣಿ ಅಲೆಯುವಂತಿಲ್ಲ, ಇರಬೇಕಾದದ್ದೂ ಹಾಗೆಯೇ. ಮೇಲಾಗಿ ಉತ್ತರ ಕನ್ನಡದ ಜನರು ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗುತ್ತಿದ್ದಾರೆ. ಹೃದಯದ ತೊಂದರೆಯಾದರೆ ಗೋವೆ, ಹುಬ್ಬಳ್ಳಿ, ಮಣಿಪಾಲಗಳ ದಾರಿ ಹಿಡಿಯಬೇಕು. ಹೆಂಡತಿಯ ಮೊದಲ ಷರತ್ತಿನಲ್ಲೇ ಕಾರವಾರ ಬಿದ್ದುಹೋಯಿತು.

ಎರಡನೆಯ ಸುತ್ತಿಗೆ ನಾನು ಜುಲೈಯಲ್ಲಿ ಹೊರಟೆ, ಒಬ್ಬನೇ, ಕೊಡೆಯೊಂದಿಗೆ. ಹೊನ್ನಾವರದಲ್ಲಿ ಶರಾವತಿಯ ಬಾಯಿಯನ್ನು, ಗಂಗೊಳ್ಳಿಯನ್ನು, ಕೋಡಿಬೆಂಗ್ರೆಯನ್ನು, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ಸೇರಿ ಕಡಲಿಗೆ ಬೀಳುವ ಅಳಿವೆ ಬಾಗಿಲನ್ನು ನೋಡಿದೆ. ಚಳಿಗಾಲದಲ್ಲಿ ನಾನು ಫೋಟೊ ತೆಗೆದುಕೊಂಡಿದ್ದ ಅದೇ ಜಾಗಗಳಲ್ಲಿ ಕೆಂಪು ನೀರು ಹೊರಕ್ಕೆ ನುಗ್ಗುತ್ತಿತ್ತು, ಪಡುವಣದ ಅಲೆಗಳು ಒಳಕ್ಕೆ ನುಗ್ಗುತ್ತಿದ್ದವು, ಎರಡೂ ಮರಳುದಿಣ್ಣೆಯ ಮೇಲೆ ಸೇರಿ ಗೋಡೆಯಂತೆ ಎದ್ದು ಒಡೆಯುತ್ತಿದ್ದವು. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳೆಲ್ಲ ತಾವು ಹೊತ್ತು ತಂದ ಮರಳನ್ನು ಬಾಯಿಯಲ್ಲೇ ಇಳಿಸುತ್ತವೆ. ಕಡಲು ಅದನ್ನು ಅತ್ತಿತ್ತ ಸರಿಸುತ್ತದೆ. ಕಲ್ಲಿನ ತಡೆಗೋಡೆ ಕಟ್ಟಿದ ಕಡೆಗಳಲ್ಲೂ ಆಳದ ದಾರಿ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತದೆ. ಮಳೆಗಾಲ ಮುಗಿದ ಮೇಲೂ ಅಪಾಯ ಪೂರ್ತಿ ಹೋಗುವುದಿಲ್ಲ. ಮಧ್ಯಾಹ್ನದ ಕಡಲಗಾಳಿ ಒಳಕ್ಕೆ ಬೀಸುತ್ತಿರುವಾಗ ಇಳಿತದ ನೀರು ಹೊರಕ್ಕೆ ಹರಿಯುತ್ತಿದ್ದರೆ, ಅಳಿವೆಯಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಆದ್ದರಿಂದ ಮನೆಗೆ ಮರಳುವ ಹೊತ್ತನ್ನು ಉಬ್ಬರಕ್ಕೆ ಹೊಂದಿಸಿಕೊಳ್ಳಬೇಕು, ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಹೋಗುತ್ತದೆ. ನನ್ನ ವಾರದ ಸಭೆಗಳ ವೇಳಾಪಟ್ಟಿಯ ಪಕ್ಕದಲ್ಲೇ ಈಗ ಇನ್ನೊಂದು ಪಟ್ಟಿ ತೂಗುತ್ತಿದೆ.

ಕೋಡಿ ಎಂಬ ಊರಿನಲ್ಲಿ ನಾಡದೋಣಿಯವರು, ಕಡಲನ್ನು ಕಲಕಿ ಮೀನನ್ನು ದಡದತ್ತ ತರುವ ತೂಫಾನು ಏಳುವುದನ್ನು ಕಾಯುತ್ತ ಚಪ್ಪರದ ಕೆಳಗೆ ಬಲೆ ಸರಿಮಾಡುತ್ತಿದ್ದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಸಣ್ಣ ಎಂಜಿನಿನ ನಾಡದೋಣಿಗಳಿಗಷ್ಟೇ ವಿನಾಯಿತಿ. ಅವರಲ್ಲೊಬ್ಬ ಹಿರಿಯ ತಾಂಡೇಲರಿಗೆ (ದೋಣಿಯ ಮುಖ್ಯಸ್ಥರಿಗೆ) ನನ್ನ ಉದ್ದೇಶವನ್ನು ಹೇಳಿ, ಯಾವ ಊರಿನ ಕಡಲು ಒಳ್ಳೆಯದೆಂದು ಕೇಳಿದೆ. ಅವರು ಬಲೆಯಿಂದ ಕಣ್ಣೆತ್ತದೆ, “ಕಡ್ಲ್ ಎಲ್ಲಾ ಕಡೀಗೂ ಒಂದೇ ಮರಾಯ್ರೆ, ನೀವ್ ಅಳಿವೆ ಕಾಣಿ” ಎಂದರು. ಆಮೇಲೆ, ದೋಣಿಯನ್ನು ಮೇಲೆಳೆಯಲು ಎಂಟು ಜನ ಯಾವ ಊರಿನಲ್ಲಿ ಕರೆದ ಕೂಡಲೇ ಬರುತ್ತಾರೋ ಅದನ್ನೂ ವಿಚಾರಿಸಿಕೊಳ್ಳಿ ಎಂಬರ್ಥದ ಮಾತನ್ನು ಸೇರಿಸಿದರು. ಎರಡು ವರ್ಷ ತಿರುಗಿ ನಾನು ಸಿದ್ಧಪಡಿಸಿದ್ದ ಪಟ್ಟಿಯಲ್ಲಿ ಈ ಎರಡು ಕಲಮುಗಳೇ ಇರಲಿಲ್ಲ.

ಹೀಗಾಗಿ ನಾವು ಕಡಲಂಚನ್ನು ಬಿಟ್ಟು, ಸೀತಾ ಮತ್ತು ಸ್ವರ್ಣಾ ನದಿಗಳು ಕೋಡಿಬೆಂಗ್ರೆಯ ಬಳಿ ಕಡಲು ಸೇರುವುದಕ್ಕೆ ಮುಂಚೆ ಹರಡಿಕೊಳ್ಳುವ ಹಿನ್ನೀರಿನ ದಂಡೆಗೆ, ಹಂಗಾರಕಟ್ಟೆಯ ಆಸುಪಾಸಿಗೆ ಬಂದೆವು. ಮಣಿಪಾಲದ ಆಸ್ಪತ್ರೆ ಮುಕ್ಕಾಲು ಗಂಟೆಯ ದಾರಿ. ಮೀನುಗಾರಿಕಾ ದೋಣಿಗಳನ್ನು ದುರಸ್ತಿ ಮಾಡುವವರು ಹತ್ತಿರದಲ್ಲೇ ಇದ್ದಾರೆ. ಕಡಲು ಒಲ್ಲೆನೆಂದ ದಿನ ನದಿಯೊಳಗೆ ಕುದ್ರುಗಳ, ಅಂದರೆ ನಡುಗಡ್ಡೆಗಳ, ನಡುವೆ ಸುತ್ತಬಹುದು. ಅದಕ್ಕೆ ತಕ್ಕಂತೆ ದೋಣಿಯ ಆಸೆಯನ್ನೂ ಕುಗ್ಗಿಸಿಕೊಂಡೆ: ನೀರಿನಲ್ಲಿ ಒಂದೂವರೆ ಮೀಟರ್ ಆಳಕ್ಕೆ ಇಳಿಯುವ ಅಡಿಗಟ್ಟು (ಕೀಲ್) ಇರುವ 28 ಅಡಿಯ ದೋಣಿಯ ಕನಸನ್ನು ಬಿಟ್ಟು, ಅಡಿಹಲಗೆಯನ್ನು ಮೇಲೆತ್ತಿಕೊಂಡರೆ ಮೊಣಕಾಲುದ್ದದ ನೀರಿನಲ್ಲೂ ತೇಲುವ 18 ಅಡಿಯ ಹಳೆಯ ಫೈಬರ್ ದೋಣಿಯನ್ನು ಕೊಂಡೆ. ಅದರ ಹಾಯಿಕಂಬವನ್ನು ಬುಡದಲ್ಲಿ ಮಡಚಿ ಮಲಗಿಸಬಹುದು. ಹೆದ್ದಾರಿ ಸೇತುವೆಗಳ ಕೆಳಗೆ ಹಾಯಲು ಇದು ಬೇಕು. ಅದಕ್ಕಿಂತ ಹೆಚ್ಚಾಗಿ, ನದಿಗೆ ಅಡ್ಡಲಾಗಿ ಕುದ್ರುಗಳಿಗೆ ಎಳೆದಿರುವ ವಿದ್ಯುತ್ ತಂತಿಗಳ ಕೆಳಗೆ ಅಲ್ಯೂಮಿನಿಯಂ ಕಂಬವನ್ನು ನಿಲ್ಲಿಸಿಕೊಂಡು ಹೋಗುವ ಮೂರ್ಖತನ ಮಾಡದಿರಲು ಬೇಕು. ಮೊದಲ ತಿಂಗಳಲ್ಲೇ ನಾನು ಆ ಮೂರ್ಖತನಕ್ಕೆ ಹೊರಟಿದ್ದೆ. ದಡದಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದ ಹೆಂಗಸರು ಕೂಗಿ ನಿಲ್ಲಿಸಿದರು.

ದೋಣಿಯನ್ನು ಮೇ ತಿಂಗಳ ಮೊದಲ ವಾರದಲ್ಲೇ ಮೇಲೆಳೆಯುತ್ತೇವೆ. ಮುಂಗಾರಿಗೆ ಇನ್ನೂ ಮೂರು ವಾರವಿದೆಯೆಂದು ಕಾಯುವವರಿಗೆ 2021ರ ಮೇ ಮಧ್ಯದಲ್ಲಿ ಈ ಕರಾವಳಿಯನ್ನು ಸವರಿಕೊಂಡು ಹೋದ ತೌಕ್ತೆ ಚಂಡಮಾರುತ ನೆನಪಿರಬೇಕು. ನೀರಿನಲ್ಲೇ ಉಳಿಯುವ ದೋಣಿಗಳಿಗೆ ಮಳೆಗಾಲದಿಂದ ಒಂದು ಉಪಕಾರವೂ ಉಂಟು: ನದಿ ಸಿಹಿಯಾಗುತ್ತಿದ್ದಂತೆ, ಬೇಸಿಗೆಯ ಉಪ್ಪುನೀರಿನಲ್ಲಿ ಅಡಿಗೆ ಅಂಟಿಕೊಂಡ ಚಿಪ್ಪುಗಳು ಸಾಯುತ್ತವೆ. ನನ್ನ ದೋಣಿಗೆ ಆ ಭಾಗ್ಯವಿಲ್ಲ, ಕೂತು ಕೆರೆಯಬೇಕು.

ಮನೆಯನ್ನು ಜೂನ್‌ನಲ್ಲೇ ಬಾಡಿಗೆಗೆ ಹಿಡಿದದ್ದು ಹೆಂಡತಿಯ ಹಟದಿಂದ. ದೋಣಿ ತೆಂಗಿನ ತೋಟದಲ್ಲಿ ಟಾರ್ಪಾಲಿನ ಕೆಳಗೆ ಬೋರಲಾಗಿರುವ, ಬಟ್ಟೆ ಒಣಗದ, ಕರೆಂಟು ಹೋದರೆ ಬೇಗ ಬಾರದ ನಾಲ್ಕು ತಿಂಗಳನ್ನು ಮೊದಲು ಕಳೆದು, ಆಮೇಲೂ ಇಲ್ಲಿರಬೇಕೆನಿಸಿದರೆ ಇರೋಣವೆಂದಳು. ಅಮ್ಮನಿಗೆ ಮಾತು ಸಿಕ್ಕಿತು, ಕುಂದಾಪ್ರ ಕನ್ನಡವನ್ನು ಅವರು ನಮಗಿಂತ ಬೇಗ ಹಿಡಿದರು. ಬಾಡಿಗೆ ಕರಾರು ಈಗ ಎರಡನೆಯ ಬಾರಿ ನವೀಕರಣವಾಗಿದೆ. ದಂಡೆಯಲ್ಲೇ ಒಂದು ಹಿತ್ತಿಲು ಮಾರಾಟಕ್ಕಿದೆ. ಕರಾವಳಿ ನಿಯಂತ್ರಣ ವಲಯದ ನಿಯಮದಂತೆ ಭರತರೇಖೆಯಿಂದ, ಅಂದರೆ ಉಬ್ಬರದ ನೀರು ಏರುವ ಗೆರೆಯಿಂದ, ಎಷ್ಟು ದೂರ ಬಿಡಬೇಕೆಂದು ಅಳೆಸಿದ್ದಾಯಿತು, ದಾಖಲೆ ಪತ್ರಗಳನ್ನು ವಕೀಲರು ನೋಡಿದ್ದಾಯಿತು. ಅಲ್ಲಿನ ಬಾವಿಯ ನೀರನ್ನು ನಾವು ಜನವರಿಯಲ್ಲಿ ಕುಡಿದು ನೋಡಿದ್ದೇವೆ, ಸಿಹಿಯಾಗಿದೆ. ಈ ದಂಡೆಯ ಬಾವಿಗಳು ಉಪ್ಪಾಗುವುದು ಏಪ್ರಿಲ್ ಮತ್ತು ಮೇಯಲ್ಲಿ. ಮುಂಗಡದ ಹಣವನ್ನು ಹೆಂಡತಿ ಬ್ಯಾಂಕಿನಲ್ಲೇ ಇಟ್ಟಿದ್ದಾಳೆ. ಮೇ 20ಕ್ಕೆ ಚೊಂಬು ಹಿಡಿದುಕೊಂಡು ಮತ್ತೆ ಹೋಗುವುದೆಂದು ಮಾತಾಗಿದೆ.