ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್

ಕಳೆದ ತಿಂಗಳು ಮಗಳ ಪ್ರಾಜೆಕ್ಟ್ ವರದಿಯನ್ನು ಪ್ರಿಂಟ್ ಹಾಕಿಸಲು ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಸಮೀಪದ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ದಿದ್ದೆ. ಮರಳಿ ಬಂದು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದಾಗ ನಾಲ್ಕೂ ಫೋಲ್ಡರುಗಳು ಇದ್ದ ಹೆಸರಿನಲ್ಲೇ ಇದ್ದವು. ಆದರೆ ಪ್ರತಿಯೊಂದರ ಎಡಗಡೆಯ ಕೆಳಮೂಲೆಯಲ್ಲಿ ಪುಟ್ಟದೊಂದು ಬಾಗಿದ ಬಾಣದ ಗುರುತು ಹೊಸದಾಗಿ ಸೇರಿಕೊಂಡಿತ್ತು. ಫೋಲ್ಡರಿನ ಮುಂದೆ ಗಾತ್ರ ಕಾಣಿಸುವುದಿಲ್ಲ, ಇವುಗಳ ಮುಂದೆ ಮಾತ್ರ ಎರಡು ಕೆಬಿ ಎಂದು ತೋರಿಸುತ್ತಿತ್ತು. ಕನ್ನಡಕ ಹಾಕಿಕೊಂಡಿದ್ದರಿಂದ ಬಚಾವಾದೆ.

ಈ ಬಗೆಯ ವೈರಸ್ ನಮ್ಮ ಫೈಲುಗಳನ್ನು ಅಳಿಸುವುದಿಲ್ಲ. ನಿಜವಾದ ಫೋಲ್ಡರುಗಳನ್ನು ಕಣ್ಣಿಗೆ ಬೀಳದಂತೆ ಬಚ್ಚಿಟ್ಟು, ಅದೇ ಹೆಸರಿನ, ಬಾಣದ ಗುರುತಿರುವ ಶಾರ್ಟ್‌ಕಟ್‌ಗಳನ್ನು ಅವುಗಳ ಜಾಗದಲ್ಲಿ ಕೂರಿಸುತ್ತದೆ. ನಾವು ಒತ್ತಿದೊಡನೆ ಅದು ಮೊದಲು ತನ್ನ ಕೆಲಸವನ್ನು ಮಾಡಿಕೊಂಡು, ಆಮೇಲೆ ನಮ್ಮ ಫೋಲ್ಡರನ್ನೂ ತೆರೆದು ತೋರಿಸುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹಿಂದೆ ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು, ಆಟೋರನ್ ಸೌಲಭ್ಯದ ಮೂಲಕ ಇಂಥವು ತಾವಾಗಿಯೇ ಒಳನುಗ್ಗುತ್ತಿದ್ದವು. 2011ರ ಹೊತ್ತಿಗೆ ಮೈಕ್ರೋಸಾಫ್ಟ್ ಆ ದಾರಿಯನ್ನು ಮುಚ್ಚಿತು. ಈಗ ಅವಕ್ಕೆ ನಮ್ಮ ಬೆರಳೇ ಬೇಕು.

ನಾನು ಯಾವುದನ್ನೂ ಒತ್ತದೆ, ಡ್ರೈವಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿದೆ. ಅದು ಹುಳುವನ್ನು ಹಿಡಿದು ತೆಗೆಯಿತು, ಆದರೆ ಫೋಲ್ಡರುಗಳು ಬಚ್ಚಿಟ್ಟಲ್ಲೇ ಉಳಿದವು. ‘ಹಿಡನ್ ಐಟಮ್ಸ್’ ಎಂಬುದನ್ನು ಆರಿಸಿದರೂ ಕಾಣಿಸಲಿಲ್ಲ, ಏಕೆಂದರೆ ವೈರಸ್ ಅವುಗಳಿಗೆ ಸಿಸ್ಟಂ ಫೈಲುಗಳೆಂಬ ಮುದ್ರೆಯನ್ನೂ ಒತ್ತಿತ್ತು. ಫೋಲ್ಡರ್ ಆಪ್ಷನ್ಸ್‌ನಲ್ಲಿ ಸಿಸ್ಟಂ ಫೈಲುಗಳನ್ನು ಮರೆಮಾಡುವ ಆಯ್ಕೆಯ ಟಿಕ್ ತೆಗೆದ ಮೇಲೆಯೇ ಮಗಳ ವರದಿ ಪ್ರತ್ಯಕ್ಷವಾಯಿತು. ಅಲ್ಲಿಯೇ, ಫೈಲ್ ಹೆಸರಿನ ಬಾಲವನ್ನು ಮರೆಮಾಡುವ ಇನ್ನೊಂದು ಟಿಕ್ಕನ್ನೂ ತೆಗೆದುಬಿಟ್ಟೆ. ಅದಿದ್ದಷ್ಟು ದಿನವೂ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬ ಪ್ರೋಗ್ರಾಂ ನಮಗೆ ‘ಬಿಲ್.ಪಿಡಿಎಫ್’ ಎಂದೇ ಕಾಣುತ್ತದೆ.

ಮರುದಿನ ಅಂಗಡಿಯ ಹುಡುಗನಿಗೆ ವಿಷಯ ತಿಳಿಸಿದರೆ, “ಏನೂ ಆಗಲ್ಲ ಸಾರ್, ಎಲ್ಲರ ಪೆನ್‌ಡ್ರೈವಲ್ಲೂ ಹಂಗೇ ಇರುತ್ತೆ” ಎಂದ. ಅವನನ್ನು ದೂರಿ ಫಲವಿಲ್ಲ. ಊರಿನವರೆಲ್ಲ ಕೈಯಾಡಿಸುವ ಕಂಪ್ಯೂಟರ್ ಅದು.

ಈ ವೈರಸ್ಸಾದರೂ ಗುರುತು ಬಿಟ್ಟಿತ್ತು, ಬೇಹುಗಾರಿಕೆಯ ತಂತ್ರಾಂಶ ಅಷ್ಟನ್ನೂ ಬಿಡುವುದಿಲ್ಲ. ನಮ್ಮ ಮನೆಗಳಿಗೆ ಅದು ಬರುವುದು ಹೆಚ್ಚಾಗಿ ಪುಕ್ಕಟೆಯ ಆಸೆಯ ಬೆನ್ನು ಹತ್ತಿ. ಆಫೀಸನ್ನೋ ಫೋಟೋಶಾಪನ್ನೋ ಕ್ರ್ಯಾಕ್ ಮಾಡಿಕೊಡುವ ಪ್ರೋಗ್ರಾಂಗಳು ಮೊದಲು ಕೇಳುವುದೇ ಆಂಟಿವೈರಸ್ಸನ್ನು ಆಫ್ ಮಾಡಿ ಎಂದು. ಕಾವಲುಗಾರನನ್ನು ಆಚೆ ಕಳಿಸಿ ಬಾಗಿಲು ತೆರೆಯಿರಿ ಎನ್ನುವವನನ್ನು ನಾವು ಬೀದಿಯಲ್ಲಾದರೆ ನಂಬುತ್ತೇವೆಯೇ?

ಮನೆಯವರೆಲ್ಲರಿಗೂ ನಾನು ಈಗ ಸ್ಟ್ಯಾಂಡರ್ಡ್ ಖಾತೆಯನ್ನು ಮಾಡಿಕೊಟ್ಟಿದ್ದೇನೆ, ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡ್ ನನ್ನ ಬಳಿ ಮಾತ್ರ ಇದೆ. “ಒಂದು ಗೇಮ್ ಹಾಕ್ಕೊಳ್ಳೋಕೂ ಅಪ್ಪನ ಅಪ್ಪಣೆ ಬೇಕಾ?” ಎಂದು ಮಗ ಗೊಣಗುವುದು ನಿಂತಿಲ್ಲ. ಕಂಪ್ಯೂಟರಿನ ಬೇರಿಗೇ ಕೈಹಾಕುವ ಪ್ರೋಗ್ರಾಂಗಳಿಗೆ ಇದು ತಡೆಯೇ ಹೊರತು ಎಲ್ಲದಕ್ಕೂ ಅಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಕದಿಯಲು ಸಾಮಾನ್ಯ ಖಾತೆಯ ಹಕ್ಕೇ ಸಾಕಾಗಬಹುದು. ಆದ್ದರಿಂದ ಬ್ಯಾಂಕಿನ ಪಾಸ್‌ವರ್ಡನ್ನು ಅಲ್ಲಿ ಉಳಿಸುವ ಅಭ್ಯಾಸವನ್ನು ನಾವೆಲ್ಲರೂ ಬಿಟ್ಟಿದ್ದೇವೆ.

ಅಪ್‌ಡೇಟ್ ಬಂದಾಗಲೆಲ್ಲ ‘ನಾಳೆ’ ಎನ್ನುವವರು 2017ರ ಮೇ 12ರಂದು ಹಬ್ಬಿದ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ವೈರಸ್ಸನ್ನು ನೆನೆಯಬೇಕು: ಅದು ಬಳಸಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಮ್ಮ ಹಳೆಯ ಡೆಸ್ಕ್‌ಟಾಪ್ ವಿಂಡೋಸ್ 11ಕ್ಕೆ ಒಗ್ಗದ ಕಾರಣ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದೆ. ಕನ್ನಡ ಟೈಪಿಂಗ್ ಯೂನಿಕೋಡಿನಲ್ಲಿ ಸರಾಗವಾಗಿ ನಡೆಯುತ್ತಿದೆ.

ಫೋಟೋಗಳ ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿದೆ. ಕೆಲಸ ಮುಗಿದೊಡನೆ ಅದರ ತಂತಿಯನ್ನು ಕಿತ್ತು ಬೀರುವಿನಲ್ಲಿಡುತ್ತೇನೆ, ಸಿಕ್ಕಿಸಿಯೇ ಬಿಟ್ಟರೆ ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ ಅದನ್ನೂ ಬಿಡುವುದಿಲ್ಲ. ಆ ಬೀರುವಿನ ಬಾಗಿಲಿನ ಒಳಗಡೆ, ಖಾತೆಯಿಂದ ಹಣ ಹೋದರೆ ತಡಮಾಡದೆ ಕರೆಮಾಡಬೇಕಾದ ಸೈಬರ್ ವಂಚನೆಯ ಸಹಾಯವಾಣಿ 1930 ಎಂಬ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.

ಜೆರಾಕ್ಸ್ ಅಂಗಡಿಗೆಂದೇ ನಾಲ್ಕು ಜಿಬಿಯ ಹಳೆಯ ಪೆನ್‌ಡ್ರೈವೊಂದನ್ನು ಬೇರೆ ಇಟ್ಟಿದ್ದೇವೆ. ಅದರಲ್ಲಿ ಆ ದಿನ ಪ್ರಿಂಟ್ ಹಾಕಿಸಬೇಕಾದ ಪಿಡಿಎಫ್ ಒಂದೇ ಇರುತ್ತದೆ. ಮನೆಗೆ ಮರಳಿದ ಕೂಡಲೇ, ಯಾವುದನ್ನೂ ತೆರೆಯದೆ, ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಅದನ್ನು ಫಾರ್ಮ್ಯಾಟ್ ಮಾಡುವುದು ಮಗಳ ಪಾಲಿನ ಕೆಲಸ.