ವರದಿಯ ನಾಲ್ಕು ಚೌಕಗಳು

ಮೈಸೂರಿನ ಒಂದು ಬೋರ್ಡ್ ಗೇಮ್ ಕೆಫೆಯಲ್ಲಿ ಪಾತ್ರ ವಹಿಸಿ ಆಡುವ ಆಟಗಳನ್ನು ನಡೆಸಿಕೊಡುವುದು ನನ್ನ ಕೆಲಸ. ಹುದ್ದೆಯ ಹೆಸರು ಗೇಮ್ ಮಾಸ್ಟರ್ ಎಂದಿದ್ದರೂ ಕುರ್ಚಿ ಜೋಡಿಸುವುದು, ನಕಾಶೆಯ ಮೇಲೆ ಕಾಫಿ ಚೆಲ್ಲದಂತೆ ಕಾಯುವುದು ಎಲ್ಲವೂ ಅದರಲ್ಲಿಯೇ ಸೇರಿವೆ. ಶನಿವಾರ, ಭಾನುವಾರಗಳಲ್ಲಿ ನಾವು ಆಡಿಸುವುದು 2008ರಲ್ಲಿ ಆರಂಭವಾದ ಪಾತ್‌ಫೈಂಡರ್ ಸೊಸೈಟಿಯ ಮಾದರಿಯ, ಹಲವು ಊರುಗಳ ಟೇಬಲ್ಲುಗಳು ಸೇರಿ ಒಂದೇ ಕಥೆಯನ್ನು ಕಂತು ಕಂತಾಗಿ ಮುಂದುವರಿಸುವ ಸಾಮೂಹಿಕ ಕ್ಯಾಂಪೇನ್‌ಗಳನ್ನು. ಒಂದು ಕಂತು ನಾಲ್ಕೈದು ಗಂಟೆ ನಡೆಯುತ್ತದೆ. ಟೇಬಲ್ಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಜನ. ಅದೇ ಕಂತನ್ನು ಬೇರೆ ಬೇರೆ ದೇಶಗಳಲ್ಲಿಯೂ ಆಡುತ್ತಾರೆ, ಇಲ್ಲಿ ಬೆಳೆಸಿದ ಪಾತ್ರವನ್ನು ಬೇರೆ ಊರಿನ ಟೇಬಲ್ಲಿನಲ್ಲಿ ಮುಂದುವರಿಸಬಹುದು.

ಹೊಸಬರು ಬಂದಾಗ "ನಿಮ್ಮ ನಿರ್ಧಾರದಿಂದ ಇಡೀ ಕಥೆಯೇ ಬದಲಾಗುತ್ತದೆ" ಎಂದು ಹೇಳುವ ಅಭ್ಯಾಸ ನನಗಿತ್ತು. ಮಳೆ ಹಿಡಿದಿದ್ದ ಒಂದು ಶನಿವಾರ ಕಳ್ಳಸಾಗಣೆದಾರರಿಗೆ ಗುಟ್ಟು ಮಾರಿದ್ದ ಸುಂಕದ ಗುಮಾಸ್ತನೊಬ್ಬ ಆಟಗಾರರ ಕೈಗೆ ಸಿಕ್ಕಿಬಿದ್ದ. ಕಾವಲುಗಾರರಿಗೆ ಒಪ್ಪಿಸಬೇಕೆಂದು ಮೂವರು ಹಟ ಹಿಡಿದರು. ಪೂಜಾರಿಣಿಯ ಪಾತ್ರ ವಹಿಸಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿನಿ ಮಾತ್ರ ನಲವತ್ತು ನಿಮಿಷ ವಾದ ಮಾಡಿ, ಅವನನ್ನು ಬಿಟ್ಟುಬಿಡುವಂತೆ ಅವರ ಮನವೊಲಿಸಿದಳು. ಗುಮಾಸ್ತ ಅವಳ ಮಾತಿಗೆ ಮಣಿಯುತ್ತಾನೋ ಎಂದು ತಿಳಿಯಲು ಉರುಳಿಸಿದ ಇಪ್ಪತ್ತು ಮುಖದ ದಾಳದಲ್ಲಿ ಹದಿನೆಂಟು ಬಿತ್ತು, ಗುಮಾಸ್ತ ಅತ್ತುಕೊಂಡು ನಿಷ್ಠೆಯ ಮಾತು ಕೊಟ್ಟು ಹೋದ. ಕೆಲವು ತಿಂಗಳ ನಂತರ ಆಡಿಸಿದ ಮುಂದಿನ ಕಂತಿನಲ್ಲಿ ಅದೇ ಗುಮಾಸ್ತ ಸೆರೆಮನೆಯಲ್ಲಿದ್ದ.

"ಸರ್, ಅವನನ್ನು ನಾವು ಬಿಟ್ಟು ಕಳುಹಿಸಿದ್ದೆವಲ್ಲ, ಇವನು ಜೈಲಿಗೆ ಯಾವಾಗ ಹೋದ?" ಎಂದು ಅವಳು ಕೇಳಿದಳು. ಏನೋ ಹೇಳಿ ಮುಂದಕ್ಕೆ ಸಾಗಿಸಿದೆ. ರಾತ್ರಿ ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ, ಆ ಶನಿವಾರದ ವರದಿಯ ಹಾಳೆ ಹಿಂದಿನ ರಟ್ಟಿಗೆ ಸಿಕ್ಕಿಸಿದಂತೆಯೇ ಇತ್ತು. ನಾನು ಅದನ್ನು ಕಳುಹಿಸಿಯೇ ಇರಲಿಲ್ಲ.

ಆಟಗಾರರ ಪ್ರಭಾವ ಎಂದು ನಾವು ದೊಡ್ಡದಾಗಿ ಹೇಳುವುದೆಲ್ಲ ಹಾದುಹೋಗುವುದು ಈ ಹಾಳೆಯ ಮೂಲಕವೇ. ಪಾತ್‌ಫೈಂಡರ್ ಸೊಸೈಟಿಯ ವರದಿಯಲ್ಲಿ ಆಟಗಾರರ ನೋಂದಣಿ ಸಂಖ್ಯೆಗಳ ಜೊತೆಗೆ ಎ, ಬಿ, ಸಿ, ಡಿ ಎಂಬ ನಾಲ್ಕು ಚೌಕಗಳಿರುತ್ತವೆ. ಇಂಥದ್ದು ನಡೆದಿದ್ದರೆ ಇಂಥ ಚೌಕಕ್ಕೆ ಗುರುತು ಹಾಕಿ ಎಂದು ಕಂತಿನ ಕೊನೆಯಲ್ಲಿ ಬರೆದಿರುತ್ತದೆ. ಎಲ್ಲೆಡೆಯಿಂದ ಬಂದ ಗುರುತುಗಳನ್ನು ಕೂಡಿಸಿ ನೋಡಿ, ಯಾವ ಫಲಿತಾಂಶವನ್ನು ಮುಂದಿನ ಕಥೆಗೆ ನಿಜವೆಂದು ಹಿಡಿಯಬೇಕೆಂದು ಇಡೀ ಕ್ಯಾಂಪೇನ್ ನಡೆಸುವವರು ತೀರ್ಮಾನಿಸುತ್ತಾರೆ. ಅಂದರೆ ನಲವತ್ತು ನಿಮಿಷದ ವಾದ ಅಲ್ಲಿಗೆ ಒಂದೇ ಒಂದು ಗುರುತಾಗಿ ತಲುಪುತ್ತದೆ, ಅದೂ ಆ ವಾದಕ್ಕೆ ತಕ್ಕ ಪ್ರಶ್ನೆ ವರದಿಯಲ್ಲಿ ಇದ್ದರೆ ಮಾತ್ರ. ಮುಂದಿನ ಕಂತುಗಳನ್ನು ತಿಂಗಳುಗಳ ಮೊದಲೇ ಬರೆಯಬೇಕಾಗುವುದರಿಂದ ತಡವಾಗಿ ಹೋದ ವರದಿ ಹೋಗದ ವರದಿಗೆ ಸಮ. ಗುಮಾಸ್ತನ ಮಟ್ಟಿಗೆ ನಮ್ಮ ಟೇಬಲ್ಲು ಬಹುಮತಕ್ಕೆ ಸೋತಿತೆಂದು ಆ ಹುಡುಗಿಗೆ ಹೇಳಬಹುದಾಗಿದ್ದರೆ ಅದು ಗೌರವದ ಸೋಲಾಗುತ್ತಿತ್ತು. ಮತ ಹಾಕಲು ಅವಳು ಕೊಟ್ಟ ಚೀಟಿಯನ್ನು ನಾನು ಜೇಬಿನಲ್ಲಿಯೇ ಇಟ್ಟುಕೊಂಡಿದ್ದೆ.

ಟೇಬಲ್ಲುಗಳು ಕಡಿಮೆಯಿದ್ದಷ್ಟೂ ಪ್ರತಿ ಟೇಬಲ್ಲಿನ ತೂಕ ಹೆಚ್ಚು. 2000ದಿಂದ 2008ರವರೆಗೆ ನಡೆದ ಲಿವಿಂಗ್ ಗ್ರೇಹಾಕ್ ಎಂಬ ಇಂಥದೇ ಕ್ಯಾಂಪೇನ್‌ನಲ್ಲಿ ನಿಜ ಪ್ರಪಂಚದ ಒಂದೊಂದು ಪ್ರದೇಶಕ್ಕೂ ಆಟದ ನಕಾಶೆಯ ಒಂದೊಂದು ರಾಜ್ಯವನ್ನು ಹಂಚಿ, ಪ್ರತಿಯೊಂದರ ಉಸ್ತುವಾರಿಯನ್ನು ಮೂವರು ಸ್ವಯಂಸೇವಕರ ತಂಡಕ್ಕೆ ವಹಿಸಿದ್ದರು. ಕಥೆ ಬರೆಯುವವರು ಆಡುವವರ ನೆರೆಹೊರೆಯವರೇ ಆಗಿರುವಾಗ ಮಾತು ತಲುಪುವ ದಾರಿ ಚಿಕ್ಕದಾಗುತ್ತದೆ. ಆದರೆ ಅಷ್ಟು ಜನ ಉಚಿತವಾಗಿ ದುಡಿಯುತ್ತಲೇ ಇರಬೇಕಾಗುತ್ತದೆ. ಬರೆಯುವುದಿರಲಿ, ವರದಿ ಕಳುಹಿಸುವುದಕ್ಕೇ ಸೋಮಾರಿತನ ಮಾಡಿದ ನಾನು ಆ ವ್ಯವಸ್ಥೆಯನ್ನು ಹೊಗಳಿ ಸುಮ್ಮನಾಗುವುದು ಲೇಸು.

ಈಗ ಹೊಸಬರಿಗೆ ಬೇರೆ ಮಾತು ಹೇಳುತ್ತೇನೆ. ಮಂಡ್ಯದ ಕಡೆಯ ನಮ್ಮೂರಿನ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಪಾರ್ಟು ಮಾಡುವವರು ಎಷ್ಟೇ ಒನ್ಸ್ ಮೋರ್ ಗಿಟ್ಟಿಸಿದರೂ ಬೆಳಗಿನ ಜಾವಕ್ಕೆ ತೊಡೆ ಮುರಿಸಿಕೊಳ್ಳಲೇಬೇಕು. ಆದರೂ ಆ ಪಾರ್ಟಿಗೆ ದುಡ್ಡು ಕಟ್ಟುವವರಿಗೆ ಬರವಿಲ್ಲ. ಕಂತಿನ ಶತ್ರುಗಳನ್ನಾಗಲಿ ಬಹುಮಾನವನ್ನಾಗಲಿ ಬದಲಿಸುವ ಅಧಿಕಾರ ನನಗಿಲ್ಲ, ನಿಮ್ಮ ಜಾಣತನಕ್ಕೆ ಆ ಟೇಬಲ್ಲಿನಲ್ಲಿ ತಕ್ಕ ಪ್ರತಿಕ್ರಿಯೆ ಕೊಡುವುದು ನನ್ನ ಹೊಣೆ, ಅದರಾಚೆಗೆ ಹೋಗುವುದು ನಾಲ್ಕು ಚೌಕಗಳಷ್ಟೇ ಎಂದು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಕೇಳಿ ಎದ್ದು ಹೋದವರು ಇದುವರೆಗೆ ಒಬ್ಬರೂ ಇಲ್ಲ.

ದಾಳಗಳು ಚೀಲಕ್ಕೆ ಸೇರುವ ಮೊದಲೇ ಚೌಕಗಳ ಪ್ರಶ್ನೆಗಳನ್ನು ಎಲ್ಲರೆದುರು ಓದಿ, ಅವರು ಒಪ್ಪಿದ ಉತ್ತರವನ್ನು ಫೋನಿನಿಂದಲೇ ಕಳುಹಿಸುತ್ತೇನೆ. ಹಾಳೆ ತೆಗೆದುಕೊಂಡು ಪ್ರಶ್ನೆ ಓದುವ ಕೆಲಸವನ್ನು ಈಗ ಆ ಪೂಜಾರಿಣಿಯೇ ವಹಿಸಿಕೊಂಡಿದ್ದಾಳೆ. ಹೋದ ಭಾನುವಾರ ಬಿ ಚೌಕದ ವಿಷಯದಲ್ಲಿ ಜಗಳವೇ ಆಯಿತು, ಕೆಫೆಯ ವೈಫೈ ಬೇರೆ ಕೈಕೊಟ್ಟಿತ್ತು. ವರದಿ ಹೋಯಿತೆಂದು ನನ್ನ ಫೋನಿನಲ್ಲಿ ಕಾಣುವವರೆಗೂ ಅವಳು ಬ್ಯಾಗು ಎತ್ತಿಕೊಳ್ಳಲಿಲ್ಲ.